ಹಿಂಗನ್ನಡಿ

ಸೋಮವಾರ ರಾತ್ರಿ ಶಟರ್ ಎಳೆದರೆ
ಬುಧವಾರದವರೆಗೆ ಹೊಳಲ್ಕೆರೆ ರಸ್ತೆಯ ಗಡ್ಡಗಳೆಲ್ಲ
ತಮ್ಮ ಪಾಡಿಗೆ ತಾವು ಬೆಳೆಯಬಹುದು.
ಮಂಗಳವಾರ ನನಗೆ ರಜೆ.
ಹಿಂದಿನ ರಾತ್ರಿ, ತಾರಸಿ.

ದುರ್ಬೀನು ಬಂದದ್ದು ಕ್ಷೌರದ ಬಾಕಿಗೆ.
ಕಾಲೇಜಿನ ಲ್ಯಾಬ್ ಅಟೆಂಡರ್ ಕರಿಬಸಪ್ಪ
ನಿವೃತ್ತನಾಗಿ ಹರಿಹರಕ್ಕೆ ಹೊರಟ ದಿನ
ನೀಲಿ ಕೊಳವೆಯೊಂದನ್ನು ಕೂಸಿನಂತೆ ಎತ್ತಿ ತಂದು
"ಎರಡು ವರ್ಷದ ಕಟಿಂಗು, ಮೀಸೆ ಬಣ್ಣ, ಎಲ್ಲಕ್ಕೂ ಇದೇ" ಅಂದ.
ಒಂದು ಕಾಲಿಗೆ ಬೋಲ್ಟಿರಲಿಲ್ಲ.
ಈಗಲ್ಲಿ ನನ್ನ ಹಳೇ ಕುರ್ಚಿಯ ತಿರುಪು ಕೂತಿದೆ.

ಬಗ್ಗಿ ನೋಡಿದೆ:
ಕನ್ನಡಕದಂಥ ಗಾಜು ಇರುತ್ತದೆ ಅಂದುಕೊಂಡರೆ
ತಳದಲ್ಲಿ ಕನ್ನಡಿ!
ಅಂಗೈಯಗಲ, ತಟ್ಟೆಯಂತೆ ತುಸುವೇ ತಗ್ಗು.
ಮೂವತ್ತೊಂದು ವರ್ಷ
ಕನ್ನಡಿಯೆದುರು ನಿಂತೇ ಅನ್ನ ತಿಂದವನಿಗೆ
ಆಕಾಶವೂ ಕನ್ನಡಿಯನ್ನೇ ಕಳಿಸಿದೆ.

ಒರೆಸಬೇಡ ಅಂದಿದ್ದ ಕರಿಬಸಪ್ಪ, ಎರಡು ಸಲ.
ಕೈ ಕೇಳಬೇಕಲ್ಲ.
ತಳ ಬಿಚ್ಚಿ, ಉಸಿರು ಊದಿ, ಹಳೇ ಪೇಪರು ಮುದುಡಿ
ಒಂದೇ ಒಂದು ಸಲ ಎಳೆದೆ.
ಈಗಲೂ ಅಲ್ಲೊಂದು ಗೆರೆ,
ಹುಡುಗನೊಬ್ಬನ ಮೊದಲ ಶೇವಿನ ಗಾಯದ ಹಾಗೆ.
ಧೂಳಿದ್ದರೂ ಚುಕ್ಕಿ ಕಾಣುತ್ತದಂತೆ,
ಚೊಕ್ಕಟ ಮಾಡುವವರ ಕೈಯಲ್ಲೇ ಕೆಡುವುದಂತೆ.

ಹಿಂದೆ ಮೂರು ತಿರುಪು:
ಒಂದನ್ನು ಬಿಗಿದರೆ ಇನ್ನೊಂದಕ್ಕೆ ಮುನಿಸು.
ಮುಂದೆ, ಕೊಳವೆಯ ಬಾಯಿ ನಡುವೆ
ನಾಲ್ಕು ತಗಡಿನ ಕಡ್ಡಿ ಹಿಡಿದುಕೊಂಡು
ನಾಣ್ಯದಷ್ಟು ಇನ್ನೊಂದು ಕನ್ನಡಿ, ಓರೆಯಾಗಿ.
ಬರುವ ಬೆಳಕಿಗೆ ಅದೇ ಅಡ್ಡ,
ಕಣ್ಣಿಗೆ ಅದೇ ದಾರಿ.

ಮೊದಲ ವಾರ ಸಿಕ್ಕಿತೊಂದು ಕೆಂಪು ಚುಕ್ಕಿ.
ನನ್ನ ರಜೆಯ ದೇವರು, ಮಂಗಳ, ಅಂತ ಕೈಮುಗಿದೆ.
ಅದು ಮಿಣುಕಿತು. ಆರಿತು. ಮಿಣುಕಿತು.
ಗುಡ್ಡದ ಮೇಲಿನ ಗಾಳಿಯಂತ್ರದ ದೀಪ!
ತಲೆಕೆಳಗಾದ ಗುಡ್ಡಕ್ಕೆ ಜೋತುಬಿದ್ದು
ಮೂರು ರೆಕ್ಕೆ ನಿಧಾನಕ್ಕೆ
ನನ್ನ ಮರ್ಯಾದೆ ಕಡೆಯುತ್ತಿದ್ದವು.

ಇದರೊಳಗೆ ಎಲ್ಲ ಹಾಗೇ.
ಕೋಟೆಯ ಬತೇರಿ ಬಾವಲಿಯಂತೆ ನೇತಾಡುತ್ತದೆ,
ಬಲಕ್ಕೆ ನೂಕಿದರೆ ಚಂದ್ರ ಎಡಕ್ಕೆ ಓಡುತ್ತಾನೆ.
ಅದೇನೂ ಕಷ್ಟವಾಗಲಿಲ್ಲ,
ಕನ್ನಡಿ ನೋಡುತ್ತಲೇ
ಕಿವಿಯ ಹಿಂದಿನ ಕೂದಲು ತೆಗೆದ ಕೈ.

ಕಾರ್ತಿಕದ ಒಂದು ಸೋಮವಾರ ಸಿಕ್ಕಿದ.
ಶನಿ.
ಸಾಸಿವೆಗಿಂತ ತುಸು ದಪ್ಪ,
ನುಣ್ಣಗೆ ಬೋಳಿಸಿದ ತಲೆ, ಅತ್ತ ಇತ್ತ ಎರಡು ಕಿವಿ.
ಯಾವನೋ ಪಳಗಿದವನ ಕೆಲಸ.

ತಿಪ್ಪಕ್ಕನನ್ನು ಕೂಗಿದೆ. ಮೆಟ್ಟಿಲ ಕೊನೆಗೇ ನಿಂತಳು.
ನನ್ನ ಏಳೂವರೆ ವರ್ಷಕ್ಕೆ
ಶನಿವಾರ ಶನಿವಾರ ಎಳ್ಳೆಣ್ಣೆ ಸುಟ್ಟವಳು.
"ನಾವು ಅವನನ್ನ ನೋಡಿದ್ರೆ ಏನೂ ಇಲ್ಲ.
ಅವನು ನಮ್ಮನ್ನ ನೋಡಿದ್ರೆ?"

ಕನ್ನಡಿಯಲ್ಲಿ ನಿನಗೆ ಅವನ ಕಣ್ಣು ಕಂಡರೆ
ಅವನಿಗೂ ನಿನ್ನ ಕಣ್ಣು ಕಂಡಿತೆಂದೇ ಲೆಕ್ಕ.
ನನ್ನ ಕಸುಬಿನ ಮೊದಲ ಪಾಠ. ಸುಳ್ಳು ಹೇಳಲಾಗಲಿಲ್ಲ.
ತಡವರಿಸಿ ಅಂದೆ:
"ಈ ಬೆಳಕು ಅಲ್ಲಿಂದ ಹೊರಟಾಗ
ನೀನಿನ್ನೂ ರೊಟ್ಟಿ ತಟ್ಟುತ್ತಿದ್ದೆ.
ನಮ್ಮದು ಅಲ್ಲಿಗೆ ಮುಟ್ಟಲೂ ಅಷ್ಟೇ ಹೊತ್ತು.
ಅವನು ನೋಡುವಷ್ಟರಲ್ಲಿ
ಕೆಳಗಿಳಿದು ಮಲಗಿರುತ್ತೀವಿ."

ಕ್ಷೌರ ಮುಗಿದ ಮೇಲೆ
ಗಿರಾಕಿಯ ತಲೆ ಹಿಂದೆ ಕೈಗನ್ನಡಿ ಹಿಡಿಯುತ್ತೇನೆ.
ಯಾರೂ ನೋಡುವುದಿಲ್ಲ,
ನೋಡಿದಂತೆ ತಲೆಯಾಡಿಸಿ ಎದ್ದುಬಿಡುತ್ತಾರೆ.

ಇವಳು ತಲೆಯಾಡಿಸಲಿಲ್ಲ.
ಒಂದು ಕಣ್ಣಿಗೆ ಸೆರಗು ಒತ್ತಿ
ಇನ್ನೊಂದನ್ನು ಇಟ್ಟವಳು ಇಟ್ಟೇ ಇದ್ದಳು.
ಕೆಳಗೆ ಯಾವುದೋ ಬೈಕು ಹೋಯಿತು, ನಾಯಿ ಬೊಗಳಿ ಸುಮ್ಮನಾಯಿತು.

"ಅಯ್ಯ, ಜಾರಿ ಹೋದ."

"ಅವನಲ್ಲ ಕಣೆ, ಜಾರಿದ್ದು ನಾವು.
ನೆಲವೇ ತಿರುಗುತ್ತಿದೆ."

ಪಕ್ಕಕ್ಕೆ ಸರಿಯಲಿಲ್ಲ.
ಕಣ್ಣು ತೆಗೆಯದೆಯೇ ಕೈ ಚಾಚಿ ನನ್ನ ತೋಳು ಹುಡುಕಿ,
"ಹಂಗಾದ್ರೆ ತಿರುಗಿ ಹಿಡಿ" ಅಂದಳು.