ಬಿಸಿಲಿನ ಪಾಲು

ಹತ್ತೂವರೆಯ ತನಕ ಮಡಿಕೇರಿಗೆ ಸೂರ್ಯ ಬರುವುದಿಲ್ಲ.
ಬಂದರೂ ದೇಚಮ್ಮಕ್ಕನ ಕಣದಲ್ಲಿ ಮೊದಲು ಕಾಫಿಗೆ,
ಆಮೇಲೆ ನನ್ನ ದುಪ್ಪಟಿಗಳಿಗೆ.
ಡಿಸೆಂಬರ್ ಇಪ್ಪತ್ತಮೂರರಿಂದ ಜನವರಿ ಎರಡರವರೆಗೆ
ಇದೇ ಕಾನೂನು. ಬರೆದಿಟ್ಟವರಿಲ್ಲ.

ಆರು ಕೋಣೆ, ಹನ್ನೆರಡು ಹಾಸು, ಹನ್ನೆರಡು ಹೊದಿಕೆ,
ದಿಂಬಿನ ಚೀಲ ಎಣಿಸುವುದು ಬಿಟ್ಟಿದ್ದೇನೆ.
ಗಾಳಿಬೀಡಿನ ರಸ್ತೆಯಲ್ಲಿ ಕಾರುಗಳು
ಒಂದರ ಬಾಲ ಒಂದು ಮೂಸುತ್ತ ನಿಂತಿವೆ.
ಎಲ್ಲರಿಗೂ ಮಂಜು ಬೇಕು.
ಮಂಜಿಗೆ ನನ್ನ ತಂತಿಯೇ ಬೇಕು.

ಎರಡನೇ ಕೋಣೆಯವರು ಮಲ್ಪೆಯಿಂದ.
ರಜೆ ಬಂತೆಂದರೆ ಬೀಚಿನಲ್ಲಿ ಕಾಲಿಡಲು ಜಾಗವಿಲ್ಲ,
ಮನೆಯನ್ನೇ ಹತ್ತು ದಿನಕ್ಕೆ ಬಾಡಿಗೆಗೆ ಕೊಟ್ಟು
ನಾವು ಇಲ್ಲಿಗೆ ಹತ್ತಿದೆವು,
ಎಂದು ಹೇಳಿ ಆ ಹೆಂಗಸು ನಕ್ಕಳು.
ನಾನೂ ನಕ್ಕೆ.
ದೇಚಮ್ಮಕ್ಕನೂ ತನ್ನ ಮಂಚ ಬಾಡಿಗೆಗೆ ಕೊಟ್ಟು
ಅಡುಗೆಮನೆಯಲ್ಲಿ, ಅಕ್ಕಿಮೂಟೆಯ ಪಕ್ಕ ಮಲಗುತ್ತಾಳೆಂದು
ಹೇಳಬೇಕೆನಿಸಿತು.
ಹೇಳಲಿಲ್ಲ.

ಅವರ ಹಾಸು ಕೊಡವಿದಾಗ ಮರಳು ಉದುರಿತು.
ನಮ್ಮ ಹೊಳೆಯ ಮರಳಲ್ಲ, ಅದು ಒರಟು, ಕಂದು.
ಇದು ಸಣ್ಣ ರವೆಯ ಹಾಗೆ,
ನಡುವೆ ಕಿರುಬೆರಳ ಉಗುರಿನಷ್ಟು ಒಂದು ಚಿಪ್ಪು.
ಹುಡುಗನ ಚಡ್ಡಿಯ ಜೇಬಿನದಿರಬೇಕು.
ಸಂಪಾಜೆಯ ತಿರುವುಗಳಲ್ಲಿ ಎರಡು ಸಲ ವಾಂತಿ ಮಾಡಿಕೊಂಡೂ
ಜೇಬು ಮಾತ್ರ ಖಾಲಿ ಮಾಡಿರಲಿಲ್ಲ ಅವನು.

ನಾನು ಸಮುದ್ರ ನೋಡಿಲ್ಲ.
ಮೂರೂವರೆ ಗಂಟೆ ಅಷ್ಟೇ, ಅನ್ನುತ್ತಾನೆ ಡ್ರೈವರ್ ಇಸುಬು.
ಮೂರೂವರೆ ಗಂಟೆ ಒಟ್ಟಿಗೆ
ಯಾವ ರಜೆಯಲ್ಲೂ ನನ್ನ ಕೈಗೆ ಸಿಕ್ಕಿಲ್ಲ.
ಒಂದು ಕಾಳು ನಾಲಗೆಗೆ ಇಟ್ಟೆ.
ಉಪ್ಪಿರಲಿಲ್ಲ. ಸೋಪಿನ ರುಚಿ.

ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಅಡುಗೆಯ ಬೆನೆಡಿಕ್ಟ
ಕೊನೆಯ ಟೇಬಲ್ಲಿಗೆ ಕಡಂಬುಟ್ಟು ಇಟ್ಟು
ಸೆರಗಲ್ಲೇ ಕೈ ಒರೆಸಿಕೊಂಡು ಪೂಜೆಗೆ ಓಡಿದಳು.
ಬೆರಳಲ್ಲಿ ಹಂದಿಮಾಂಸ, ಕಾಚಂಪುಳಿ, ಹೊಗೆ.
ಗೋದಲಿಯಲ್ಲಿ ಮಲಗಿದ್ದ ಕೂಸಿಗೂ
ಯಾರು ಬಂದರೆಂದು ಕಣ್ಣು ಮುಚ್ಚಿಯೇ ತಿಳಿದಿರಬೇಕು.

ಮೂವತ್ತೊಂದರಂದು ಸೂರ್ಯ ಬರಲೇ ಇಲ್ಲ.
ರಾತ್ರಿಗೆ ಹಾಡು, ಕ್ಯಾಂಪ್‌ಫೈರ್, ಆರು ಕೋಣೆಗೆ ಹೊಸ ಹಾಸು.
ತಂತಿಯ ಮೇಲೆ ದುಪ್ಪಟಿಗಳು
ಒದ್ದೆ ಕೋಳಿಗಳ ಹಾಗೆ ಜೋತುಬಿದ್ದಿದ್ದವು.
ಒಂದು ಗಂಟೆಗೆ ಮೋಡ ಸ್ವಲ್ಪ ಹರಿದಾಗ
ದೇಚಮ್ಮಕ್ಕ ಏನೂ ಹೇಳದೆ ಬಂದು
ಕಣದ ಅರ್ಧ ಕಾಫಿಯನ್ನು ಎಳೆದು ಗುಡ್ಡೆ ಹಾಕಿದಳು.
ತನ್ನ ಕಾಫಿಯನ್ನು. ತಾನೇ.
ನನ್ನ ಕಡೆ ನೋಡಲೂ ಇಲ್ಲ.

ಆಗ ಮಲ್ಪೆಯ ಹೆಂಗಸು ಚಪ್ಪಲಿ ಬಿಟ್ಟು ಅಂಗಳಕ್ಕಿಳಿದಳು.
ಸುಗಂಧಿ ಎಂದು ಹೆಸರು, ಅಂದೇ ತಿಳಿದದ್ದು.
ನಮ್ಮಲ್ಲೂ ಹೀಗೆ, ಮೀನು ಒಣಹಾಕಿ
ಬಿಸಿಲಿನ ದಾರಿ ಕಾಯುತ್ತ ಕೂರುವುದು,
ಕಾಗೆ ಓಡಿಸುವುದು, ಮೋಡಕ್ಕೆ ಬಯ್ಯುವುದು,
ಎನ್ನುತ್ತ ದುಪ್ಪಟಿಯ ಆ ತುದಿ ಹಿಡಿದಳು.
ನಾನು ಬಲಕ್ಕೆ ತಿರುಚಿದೆ, ಅವಳು ಎಡಕ್ಕೆ.
ನೀರು ನಮ್ಮಿಬ್ಬರ ಕಾಲ ಮೇಲೆ ಬಿತ್ತು.
ಬಾಡಿಗೆ ಕೊಟ್ಟವರು ಕೆಲಸ ಮಾಡಬಾರದು,
ಅಂದೆ ನಾನು.
ಕೊಟ್ಟವರೋ, ಪಡೆದವರೋ, ಮರೆತೇಹೋಗಿದೆ ಮಾರಾಯ್ತಿ,
ಅಂದಳು.

ರಾತ್ರಿ ಹನ್ನೆರಡಕ್ಕೆ ಎಲ್ಲರೂ ಕೂಗಿದರು.
ನಾನು ಬಚ್ಚಲಲ್ಲಿ ಟವೆಲ್ ನೆನೆಹಾಕುತ್ತಿದ್ದೆ.

ಎರಡನೇ ತಾರೀಕು ಅವರು ಹೊರಟಾಗ
ಹುಡುಗ ಕಣದಿಂದ ಒಂದು ಹಿಡಿ ಕಾಫಿ ಜೇಬಿಗಿಳಿಸಿದ.
ದೇಚಮ್ಮಕ್ಕ ಕಂಡಳು. ಹುಬ್ಬು ಗಂಟಿಕ್ಕಿದಳು.
ಲೆಕ್ಕದ ಕಾಳು ಅದು, ಅಂತ ಗೊಣಗಿದಳು,
ಕಾರು ತಿರುವು ದಾಟಿದ ಮೇಲೆ.

ಮಧ್ಯಾಹ್ನಕ್ಕೆ ತುಮಕೂರಿನವರು.
ಹಾಸು ಇನ್ನೂ ತೇವವೇ.
ಇಸ್ತ್ರಿ ಒತ್ತಿದೆ, ಬುಸ್ಸೆಂದು ಹಬೆ ಎದ್ದು
ಕಿಟಕಿಯ ಗಾಜು ಮಸುಕಾಯಿತು.
ಗೂಡಿನಲ್ಲಿ, ಬಾಟಲಿ ಮುಚ್ಚಳದೊಳಗೆ,
ಅಷ್ಟು ಮರಳು.