ಒಂದೂವರೆ ಸೆಕೆಂಡು

ಗುದೈಬಿಯಾದ ದರ್ಜಿ ಅಂಗಡಿಯ ಮೇಲೆ,
ಎರಡನೇ ಮಹಡಿಯಲ್ಲಿ ನಮ್ಮ ಕ್ಲಾಸು.
ಕೆಳಗೆ ಹೊಲಿಗೆ ಯಂತ್ರ ಓಡಿದರೆ
ಇಲ್ಲಿ ನಮ್ಮ ಅಂಗಾಲು ಜುಮ್ಮೆನ್ನುತ್ತದೆ.
ಉಸ್ತಾದ್ ನಿಝಾರ್ ಬಸ್ರಾದವರು;
ನನ್ನ ಹೆಸರಿನ ಪಕಾರ ಅವರ ಬಾಯಲ್ಲಿ ಬಕಾರ.
"ಬ್ರಫುಲ್ಲಾ, ಮತ್ತೊಮ್ಮೆ."
ಮತ್ತೊಮ್ಮೆ ಬ್ರಫುಲ್ಲಾ ಬಾಗಿಲಿಂದ ಒಳಬರುತ್ತಾಳೆ,
ಮತ್ತೊಮ್ಮೆ ಯಾರೂ ನಂಬುವುದಿಲ್ಲ.

ಸೋಮವಾರ, ಬುಧವಾರ ರಂಗದ ಪಾಠ.
ಕೊನೆಯ ಸಾಲಿನಲ್ಲೊಬ್ಬ ಕಿವುಡ ಮುದುಕ ಕೂತಿದ್ದಾನೆ,
ಅವನೂ ಟಿಕೆಟಿಗೆ ದುಡ್ಡು ಕೊಟ್ಟಿದ್ದಾನೆ, ಎನ್ನುತ್ತಾರೆ ಉಸ್ತಾದ್,
ಅವನಿಗೆ ನಿನ್ನ ಬೆನ್ನಾದರೂ ಕೇಳಿಸಲಿ.
ಗುರುವಾರ ಕ್ಯಾಮೆರಾ.
ಅದೇ ಮುದುಕ ಈಗ ನಿನ್ನ ರೆಪ್ಪೆಯ ಮೇಲೆ ಕೂತಿದ್ದಾನೆ,
ಏನೂ ಮಾಡಬೇಡ, ಬರೀ ಯೋಚಿಸು,
ಅಷ್ಟಕ್ಕೇ ಬೆಚ್ಚುತ್ತಾನೆ.
ನಾನೋ ಬುಧವಾರ ಪಿಸುಗುಟ್ಟಿದೆ, ಗುರುವಾರ ಕೂಗಿದೆ.
ಟೇಪಿನ ಗುರುತಿನ ಮೇಲೆ ನಿಲ್ಲಲು ನೆಲ ನೋಡಿ
ಏಳು ಸಲ ಸಿಕ್ಕಿಬಿದ್ದೆ.

ಅವ್ವ ಆಸ್ಪತ್ರೆಯಿಂದ ಗಾಯದ ಪಟ್ಟಿ ತಂದು
ಅಡುಗೆಮನೆಯ ಟೈಲ್ಸಿಗೆ ಕತ್ತರಿ ಗುರುತು ಅಂಟಿಸಿದಳು:
ಒಲೆಗೊಂದು, ಫ್ರಿಜ್ಜಿಗೊಂದು, ಕಿಟಕಿಗೊಂದು.
ಕಿಟಕಿಯಾಚೆ ಮಸೀದಿಯ ಹಸಿರು ದೀಪ, ನೀರಿನ ಟ್ಯಾಂಕುಗಳು,
ಯಾರೋ ಒಣಹಾಕಿದ ನೀಲಿ ಕೆಲಸದಂಗಿ
ತನ್ನಷ್ಟಕ್ಕೆ ಕೈ ಬೀಸುತ್ತಿತ್ತು, ನನಗಿಂತ ಸಹಜವಾಗಿ.
"ಕೆಳಗ ನೋಡಬ್ಯಾಡ, ಹೆಬ್ಬೆರಳಿಗೆ ಗೊತ್ತಾಗ್ತದ," ಅಂದಳು,
ಕತ್ತಲಲ್ಲಿ ಹದಿನಾರು ಹಾಸಿಗೆಗಳ ನಡುವೆ
ಇಪ್ಪತ್ತಾರು ವರ್ಷ ನಡೆದವಳು.

ಪರೀಕ್ಷೆಗೆ ಮೂರು ನಿಮಿಷ: ಫೋನಿನಲ್ಲಿ ಒಬ್ಬಳದೇ ಮಾತು.
ಯಾವ ಭಾಷೆಯಾದರೂ ಸರಿ.
ಬರೆದುಕೊಂಡೆ: ತೊಂಬತ್ತೇಳನೇ ಇಸವಿ,
ಮನಾಮಾಕ್ಕೆ ಹೊಸದಾಗಿ ಬಂದ ನರ್ಸೊಬ್ಬಳು
ಬೆಟಗೇರಿಯ ಪಕ್ಕದ ಮನೆಯವರ ಫೋನಿಗೆ ಕರೆ ಮಾಡುತ್ತಾಳೆ,
ಯಾರೋ ಓಡಿಹೋಗಿ ಅವಳ ತಮ್ಮನನ್ನು ಕರೆತರುತ್ತಾರೆ.
ಉಸ್ತಾದರಿಗೆ ಕನ್ನಡದ ಒಂದಕ್ಷರ ಬಾರದು.
ಪೂರ್ತಿ ಕೇಳಿ, ಚಹಾದ ಲೋಟ ಕೆಳಗಿಟ್ಟು:
"ಮೂರನೇ ಮಾತು ಸುಳ್ಳು."
ಮೂರನೇ ಮಾತು "ಆರಾಮ ಅದೀನಿ" ಆಗಿತ್ತು.
"ಅವಳ ಸುಳ್ಳಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಇದು ನಿನ್ನದು."

ಆ ರಾತ್ರಿ ಅವ್ವನೆದುರು ಆಡಿ ತೋರಿಸಿದೆ.
ಅವ್ವ ಮೆಂತ್ಯೆ ಸೋಸುತ್ತಿದ್ದಳು.
ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ.
"ನೀ ಭಾಳ ಲಗೂನ ಉತ್ತರ ಕೊಡ್ತೀ.
ಅವಾಗ ಮಾತು ಹೋಗಿ ಮುಟ್ಟಾಕ ತಡ ಆಗ್ತಿತ್ತು.
ನಾ ಕೇಳೋದು, ಆಮ್ಯಾಲೆ ಏನೂ ಇಲ್ಲ,
ಬರೇ ಸುಂಯ್ ಅನ್ನೋ ಸಪ್ಪಳ. ಜೀವ ಹಾರಿದಂಗ ಆಗ್ತಿತ್ತು.
ಆಮ್ಯಾಲೆ ಅವನ ದನಿ.
ತಡಕೊಳ್ಳಾರದ ನಡುವ ಬಾಯಿ ಹಾಕಿದ್ರ
ಎರಡೂ ಮಾತು ಡಿಕ್ಕಿ ಹೊಡದು
ಯಾರದೂ ಯಾರಿಗೂ ಕೇಳ್ತಿರಲಿಲ್ಲ.
ಕಾರ್ಡಿನ ರೊಕ್ಕ ಮಾತ್ರ ಹೋಗ್ತಿತ್ತು."

ಎಷ್ಟು ತಡ, ಎಂದೆ.
ಮೆಂತ್ಯೆಯ ಕಡ್ಡಿ ಹಿಡಿದ ಬೆರಳು ನಿಂತವು.
ಕಣ್ಣು ಫ್ರಿಜ್ಜಿನ ಕಡೆ, ಫ್ರಿಜ್ಜಿನಾಚೆ.
ಬಾಯಿ ತುಸು ತೆರೆದಿತ್ತು, ಯಾರದೋ ಮಾತಿಗೆ ಜಾಗ ಬಿಟ್ಟಂತೆ.
"ಇಷ್ಟು."
ನಾಚಿಕೆಯಿಲ್ಲದೆ ಮೊಬೈಲಿನಲ್ಲಿ ಅಳೆದಿದ್ದೆ:
ಒಂದೂವರೆ ಸೆಕೆಂಡು.

ಗುರುವಾರ. ಕೆಂಪು ಚುಕ್ಕೆ ಹೊತ್ತಿತು.
ಹೆಬ್ಬೆರಳು ತಾನೇ ಹುಡುಕಿಕೊಂಡಿತು ಗುರುತನ್ನು.
ಕೈಯಲ್ಲಿ ವಯರು ಕಿತ್ತ ಹಳೆಯ ರಿಸೀವರು,
ಶುಕ್ರವಾರದ ಸಂತೆಯಲ್ಲಿ ಅರ್ಧ ದಿನಾರಿಗೆ ತಂದದ್ದು.
"ಅಲ್ಲಿ ಮಳಿ ಬಂತೇನ?" ಎಂದು ಕೇಳಿದೆ.
ಕಾಯ್ದೆ.
ಕೆಳಗೆ ಹೊಲಿಗೆ ಯಂತ್ರ ಓಡಿತು, ನಿಂತಿತು.
ನನಗಾಗಿ ಯಾರೋ ಚಪ್ಪಲಿಯಿಲ್ಲದೆ ಓಡಿ ಬಂದು
ಏದುಸಿರಿನಲ್ಲಿ ಫೋನೆತ್ತಿಕೊಂಡ ಹಾಗಾಯಿತು.
"ಹ್ಞೂಂ," ಎಂದೆ, "ಆರಾಮ ಅದೀನಿ."

ಚೆನ್ನಾಗಿತ್ತು ಅನ್ನಲಿಲ್ಲ ಉಸ್ತಾದ್.
ಆರಿದ ಚಹಾ ಕುಡಿದು, ಗೋಡೆಯ ಕಡೆ ನೋಡುತ್ತ ಅಂದರು:
"ಸೋಮವಾರ ಇದನ್ನೇ ರಂಗದ ಮೇಲೆ ಮಾಡು.
ಆಗ ಮೂರು ಸೆಕೆಂಡು ಬೇಕಾಗುತ್ತೆ.
ಕೊನೆಯ ಸಾಲು ಇನ್ನೂ ದೂರ."