ಲಾಕರ್ ಹಾಕಿಸಿದ ಮೇಲೆ

ಬಣ್ಣಾರಿ ಚೆಕ್‌ಪೋಸ್ಟ್ ದಾಟಿ ದಿಂಬಂ ಏರುವಾಗ
ಮೂರನೇ ತಿರುವಿನಲ್ಲಿ ಥಟ್ಟನೆ ಕಾಲು ತೆಗೆದೆ,
ಹಿಂದೆ ಧಡ್ ಎಂದಿತು.
ಗ್ರೈಂಡರಿನ ಕಲ್ಲು ತಬ್ಬಿ ಕೂತಿದ್ದ ಕೇತಮ್ಮ
‘ಏನ್ಲಾ ಮುರೀತು, ನಿಂದೋ ಗಾಡೀದೋ?’
‘ಏನೂ ಮುರಿದಿಲ್ಲ ಕಣಮ್ಮೋ, ಹೊಸ ಹಲ್ಲು ಕಟ್ಟಿಸಿವ್ನಿ,
ಇನ್ನೂ ಅಗಿಯಕ್ಕೆ ಬರಾದಿಲ್ಲ ಇದಕ್ಕೆ.’

ಹಲ್ಲು ಎಂದದ್ದು ನಿಜವೇ. ಸತ್ಯಮಂಗಲದ ಆರೋಕ್ಯಸಾಮಿ
ಹಿಂದಿನ ಆಕ್ಸಲಿನ ಹೊಟ್ಟೆ ಬಿಚ್ಚಿ
ಹಳೇ ಗೇರು ತೆಗೆದು ಸೀಮೆಎಣ್ಣೆ ಡಬ್ಬಿಗೆ ಹಾಕಿ
ಹಲ್ಲು ಹಲ್ಲಿನ ಬಿಲ್ಲೆಗಳನ್ನು ಎದುರುಬದುರು ಕೂರಿಸಿದ.
ಅವನ ತಮಿಳು ನನಗೆ ಅರ್ಧ, ನನ್ನ ಕನ್ನಡ ಅವನಿಗೆ ಕಾಲು,
ಮಿಕ್ಕದ್ದನ್ನು ಗ್ರೀಸು ಮೆತ್ತಿದ ಎರಡು ಮುಷ್ಟಿಯಲ್ಲಿ ತೋರಿಸಿದ:
ಗೆಣ್ಣಿನ ಸಂದಿಗೆ ಗೆಣ್ಣು ಕೂಡಿಸಿ, ಇದು ನೇರ ದಾರಿ.
ಒಂದು ಮುಷ್ಟಿ ಮುಂದೋಡಿ, ಗೆಣ್ಣು ಜಾರಿ ಜಾರಿ, ಇದು ತಿರುವು.
ಸ್ವಿಚ್ಚು ಎಲ್ಲಿ ಎಂದೆ. ನಕ್ಕ. ಸ್ವಿಚ್ಚಿಲ್ಲ.
ಅದಕ್ಕೇ ಗೊತ್ತಾಗುತ್ತದೆ. ನಿನಗೆ ಗೊತ್ತಾಗಬೇಕು, ಅಷ್ಟೆ.

ಹಳೆಯದರ ನ್ಯಾಯ ಬೇರೆ ಇತ್ತು.
ಒಂದು ಚಕ್ರ ಗುಂಡಿಯ ಮೇಲೆ ಗಾಳಿಗೆ ತೂಗಿದರೆ
ಎಂಜಿನ್ನಿನ ಅಷ್ಟೂ ತಿರುಗು ಅದರ ಪಾಲಿಗೆ;
ಮಣ್ಣು ಕಚ್ಚಿ ನಿಂತದ್ದಕ್ಕೆ ಬಿಡಿಗಾಸಿಲ್ಲ.
ಕೆಲಸವಿಲ್ಲದವನು ಕುಣಿಯುತ್ತಾನೆ,
ಕೆಲಸ ಬಲ್ಲವನು ಕೈಕಟ್ಟಿ ನೋಡುತ್ತಾನೆ.
ಎಷ್ಟು ಸಲ ಇಳಿದು ಲಂಟಾನ ಕಡಿದು ಹಾಸಿದೆನೋ,
ಗೋಣಿ ಬಿಚ್ಚಿ ಟೈರಿನಡಿ ತೂರಿದೆನೋ,
ಒಮ್ಮೆ ಉಟ್ಟ ಪಂಚೆಯನ್ನೇ.
ಅವತ್ತು ಆನೆ ಬರಲಿಲ್ಲ, ಮಾನ ಉಳಿಯಿತು.

ಅತ್ತಿಹಳ್ಳದ ಪೋಡಿಗೆ ದಾರಿ ಎಂದರೆ
ಹಳ್ಳ ತನಗೆ ಬೇಡವಾದ ಕಲ್ಲನ್ನೆಲ್ಲ ಬಿಟ್ಟುಹೋದ ಜಾಗ.
ಗ್ರೈಂಡರು ತಂದ ದಿನ ಸಂಜೆ, ನಡು ನೀರಿನಲ್ಲಿ
ಎಡ ಹಿಂಗಾಲು ಎದ್ದಿತು, ನಾಯಿ ಕಾಲೆತ್ತಿದ ಹಾಗೆ.
ಅಭ್ಯಾಸಬಲ, ನನ್ನ ಕೈ ಮಚ್ಚಿಗೆ ಹೋಯಿತು.
ಆದರೆ ಗಾಳಿಯಲ್ಲಿದ್ದದ್ದು ಈ ಸಲ ಹುಚ್ಚೆದ್ದು ಸುತ್ತಲಿಲ್ಲ;
ನೆಲದ ಮೇಲಿನದು ಎಷ್ಟು ಸುತ್ತಿತೋ ಅಷ್ಟೇ ಸುತ್ತಿತು.
ಕಲ್ಲು ಕಚ್ಚಿದ ಬಲಗಾಲು ಒಂದು ಗೇಣು, ಇನ್ನೊಂದು ಗೇಣು,
ಗ್ರೈಂಡರು, ಕೇತಮ್ಮ, ಎರಡು ಮೇಕೆ, ನಾನು,
ಆಚೆ ದಡ.
ಯಾರೂ ಇಳಿಯಲಿಲ್ಲ.
ಮೇಕೆಗಳಿಗೆ ಇದರ ಬೆಲೆ ತಿಳಿಯಲಿಲ್ಲ.

ನನಗೆ ತಿಳಿದದ್ದು ಡಾಂಬರಿನ ಮೇಲೆ.
ಹಾಸನೂರಿನ ಹತ್ತಿರ, ಹನಿ ಬಿದ್ದು ರಸ್ತೆ ಎಣ್ಣೆಯಾಗಿದ್ದಾಗ
ತಿರುವಿನ ನಡುವೆ ಕಾಲು ಒತ್ತಿದೆ.
ಸ್ಟೀರಿಂಗು ಎಡಕ್ಕೆ ಅನ್ನುತ್ತಿದೆ,
ಹಿಂದಿನೆರಡಕ್ಕೂ ಒಂದೇ ಹಟ: ನೇರ.
ಆಮೇಲೆ ಬಾಲ ತಾನೇ ಒಂದು ದಿಕ್ಕು ಆರಿಸಿಕೊಂಡಿತು.
ತಾಳವಾಡಿಯ ಕನ್ನಡ ಶಾಲೆಯಲ್ಲಿ ಓದಿದವನು ನಾನು,
ತಮಿಳು ಅಕ್ಷರ ಇಂದಿಗೂ ಕೂಡಿಸಲು ಬಾರದವನು,
ಆ ಮೈಲಿಗಲ್ಲು ಹತ್ತಿರ, ಇನ್ನೂ ಹತ್ತಿರ ಬಂದ ಹಾಗೆ
ಅದರ ಮೇಲಿದ್ದುದನ್ನು ಪೂರ್ತಿ ಓದಿಬಿಟ್ಟೆ.
ಎರಡಂಗುಲ ಉಳಿದಿತ್ತು.

ಈಗ ತಿರುವಿಗೆ ಮೊದಲೇ ಕಾಲು ಹಗುರ ಮಾಡುತ್ತೇನೆ.
ಹೊರಗಿನ ಚಕ್ರಕ್ಕೆ ದಾರಿ ಉದ್ದ, ಅದು ಮುಂದೋಡಲಿ;
ಒಳಗಿನದು ಹೊರೆ ಹೊತ್ತು ಬರಲಿ.
ರಸ್ತೆ ಬಿಚ್ಚಿಕೊಂಡ ಮೇಲೆ, ಮಲಗಿದ ಮಗುವಿಗೆ ಹೊದಿಸುವ ಹಾಗೆ
ಒತ್ತಬೇಕು.
ಅವಸರಪಟ್ಟರೆ ಧಡ್, ಇಲ್ಲದಿದ್ದರೆ ಬರೀ ಟಕ್ ಟಕ್.
ಟೈರು ಬೇಗ ಸವೆಯುತ್ತದೆ; ಅದನ್ನು ಬಾಡಿಗೆಗೆ ಸೇರಿಸಿದ್ದೇನೆ.

ಆ ಟಕ್ ಟಕ್ ಕೇತಮ್ಮನ ಕಿವಿಗೆ ಹಲ್ಲಿ.
ವಾರಕ್ಕೊಮ್ಮೆ ಸಂತೆಗೆ ಇಳಿಯುತ್ತಾಳೆ, ಹಿಂದೆ ಕೂರುತ್ತಾಳೆ,
ತಿರುವು ಬರುವವರೆಗೆ ಕಾದು ಮಾತು ತೆಗೆಯುತ್ತಾಳೆ:
‘ಮಗಳು ಆ ಗ್ರೈಂಡರಲ್ಲಿ ಒಂದಿನಾನೂ ರುಬ್ಬಿಲ್ಲ,
ಬಟ್ಟೆ ಒಣಗಾಕ್ತಾಳೆ ಅದರ್ ಮ್ಯಾಲೆ.’
ಟಕ್.
‘ಕೇಳುಸ್ತಾ, ಹಲ್ಲಿ ನುಡೀತು.’
‘ಅಳಿಯ ಕುಡಿಯದು ಬಿಟ್ಟೆ ಅಂತಾನೆ, ಸುಳ್ಳು.’
ಟಕ್ ಟಕ್.

ದಿಂಬಂನಲ್ಲಿ ಇಪ್ಪತ್ತೇಳು ತಿರುವು,
ಇಪ್ಪತ್ತೇಳು ಸತ್ಯ.
ಹಾಸನೂರು ದಾಟಿದ ಮೇಲಿನ ನೇರ ದಾರಿಯಲ್ಲಿ
ಹಲ್ಲಿ ಇಲ್ಲ.
ಅಲ್ಲಿ ಅವಳೂ ಏನೂ ಹೇಳುವುದಿಲ್ಲ.